ಎರಡು ಬಾರಿ ಬರಿದಾದ ನೆಲ

ಒಂದು ದೇಶದ ಚರಿತ್ರೆಯನ್ನು ಅದರ ರಾಜಧಾನಿಯಿಂದ ಅರಿಯುವುದು ರೂಢಿ. ಆದರೆ ಅಮೆರಿಕದಂಥ ವಿಶಾಲ ದೇಶದಲ್ಲಿ ಚರಿತ್ರೆಯ ಕೆಲವು ಮುಖ್ಯ ಪುಟಗಳು ಸಣ್ಣ ಕೌಂಟಿಗಳಲ್ಲಿ ಅಡಗಿವೆ. ಕೌಂಟಿ ಎಂದರೆ ರಾಜ್ಯದೊಳಗಿನ ಆಡಳಿತ ವಿಭಾಗ. ತನ್ನದೇ ನ್ಯಾಯಾಲಯ, ಭೂದಾಖಲೆ, ಚುನಾಯಿತ ಅಧಿಕಾರಿಗಳು ಅದಕ್ಕುಂಟು. ನೆಬ್ರಾಸ್ಕ ರಾಜ್ಯದ ದಕ್ಷಿಣದ ಅಂಚಿನಲ್ಲಿ, ಕ್ಯಾನ್ಸಸ್ ರಾಜ್ಯಕ್ಕೆ ತಾಗಿಕೊಂಡಿರುವ ವೆಬ್‌ಸ್ಟರ್ ಕೌಂಟಿ ಅಂಥದೊಂದು. ಸಾಹಿತ್ಯಾಸಕ್ತರಿಗೆ ಅದು ಕಾದಂಬರಿಗಾರ್ತಿ ವಿಲ್ಲಾ ಕ್ಯಾಥರ್ ಅವರು ಬೆಳೆದ ನೆಲವೆಂದು ಪರಿಚಿತ. ಆ ನೆಲ ಜನರಿಂದ ಎರಡು ಬಾರಿ ಬರಿದಾಯಿತೆಂಬುದು ಅಷ್ಟು ಪರಿಚಿತವಲ್ಲ.

ಇಪ್ಪತ್ತನಾಲ್ಕು ಮೈಲಿ ಉದ್ದ, ಹೆಚ್ಚುಕಡಿಮೆ ಅಷ್ಟೇ ಅಗಲ. ವಿಸ್ತೀರ್ಣ ಸುಮಾರು 575 ಚದರ ಮೈಲಿ. ದಕ್ಷಿಣ ಭಾಗದಲ್ಲಿ ರಿಪಬ್ಲಿಕನ್ ನದಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಅದರ ಉತ್ತರಕ್ಕೆ, ಲಿಟ್ಲ್ ಬ್ಲೂ ನದಿಯ ಕಡೆಗೆ, ಎತ್ತರದ ಬಯಲು. ಇದಕ್ಕೆ ಸ್ಥಳೀಯರು 'ಡಿವೈಡ್' ಎನ್ನುತ್ತಾರೆ. ಮರಗಳಿದ್ದದ್ದು ಹೊಳೆ ಹಳ್ಳಗಳ ಅಂಚಿನಲ್ಲಿ ಮಾತ್ರ. ಉಳಿದದ್ದೆಲ್ಲ ಹುಲ್ಲು, ಗಾಳಿ, ಆಕಾಶ.

ಈ ಹುಲ್ಲುಗಾವಲು ನಿರ್ಜನವಾಗಿತ್ತೆಂದು ವಲಸೆಗಾರರು ನಂಬಿದ್ದರು. ಆದರೆ ಇಲ್ಲಿ ಪಾನೀ ಜನಾಂಗದವರ ದೊಡ್ಡ ಗ್ರಾಮವಿತ್ತು. ಗುಂಡನೆಯ ಮಣ್ಣುಮನೆಗಳಲ್ಲಿ ವಾಸಿಸುತ್ತ, ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಬೆಳೆದು, ವರ್ಷಕ್ಕೆರಡು ಬಾರಿ ಕಾಡುಕೋಣದ ಬೇಟೆಗೆ ಹೋಗುತ್ತಿದ್ದ ಬೇಸಾಯಗಾರರು ಅವರು. ಅವರ ಒಂದು ಪಂಗಡವನ್ನು ಹೊರಗಿನವರು 'ರಿಪಬ್ಲಿಕನ್ ಪಾನೀ' ಎಂದು ಕರೆದದ್ದರಿಂದಲೇ ನದಿಗೆ ಆ ಹೆಸರು ಬಂದದ್ದು. 1806ರಲ್ಲಿ ಜೆಬುಲನ್ ಪೈಕ್ ಎಂಬ ಸೇನಾಧಿಕಾರಿ ಅವರ ಗ್ರಾಮಕ್ಕೆ ಬಂದು, ಸ್ಪೇನಿನ ಧ್ವಜವನ್ನಿಳಿಸಿ ಅಮೆರಿಕದ ಧ್ವಜವನ್ನೇರಿಸುವಂತೆ ಮಾಡಿದ. ಆ ಗ್ರಾಮ ತಮ್ಮಲ್ಲೇ ಇತ್ತೆಂದು ಕ್ಯಾನ್ಸಸ್‌ನವರು ಬಹುಕಾಲ ವಾದಿಸಿದರು. ವೆಬ್‌ಸ್ಟರ್ ಕೌಂಟಿಯ ಗೈಡ್ ರಾಕ್ ಸಮೀಪದ ನಿವೇಶನವೇ ಅದೆಂದು ಪುರಾತತ್ತ್ವಜ್ಞರು ಈಗ ಬಹುಮಟ್ಟಿಗೆ ಒಪ್ಪುತ್ತಾರೆ.

ಧ್ವಜ ಬದಲಾದ ಮೇಲೆ ನೆಲ ಉಳಿಯಲು ಬಹಳ ಕಾಲ ಹಿಡಿಯಲಿಲ್ಲ. 1833ರ ಒಪ್ಪಂದದಲ್ಲಿ ಪಾನೀಗಳು ಪ್ಲ್ಯಾಟ್ ನದಿಯ ದಕ್ಷಿಣದ ಭೂಮಿಯನ್ನು ಬಿಟ್ಟುಕೊಟ್ಟರು. 1873ರಲ್ಲಿ ಇದೇ ರಿಪಬ್ಲಿಕನ್ ಕಣಿವೆಯ ಪಶ್ಚಿಮದಲ್ಲಿ ಬೇಟೆಗೆ ಹೊರಟಿದ್ದ ಪಾನೀಗಳ ಮೇಲೆ ಲಕೋಟ ಯೋಧರು ಎರಗಿ ಅನೇಕರನ್ನು ಕೊಂದರು. ಕೆಲವೇ ವರ್ಷಗಳಲ್ಲಿ ಜನಾಂಗವೆಲ್ಲ ಇಂದಿನ ಒಕ್ಲಹೋಮಕ್ಕೆ ತೆರಳಿತು. ಪಾನೀಗಳು ಬಿಟ್ಟುಹೋದ ಈ ನೆಲದಲ್ಲಿ ಹುಟ್ಟಿದ ಕೌಂಟಿಯ ಕೇಂದ್ರಪಟ್ಟಣಕ್ಕೆ ವಲಸೆಗಾರರು ಇಟ್ಟ ಹೆಸರು ರೆಡ್ ಕ್ಲೌಡ್. ಅದು ಲಕೋಟ ನಾಯಕನೊಬ್ಬನ ಹೆಸರು!

1862ರ ಹೋಮ್‌ಸ್ಟೆಡ್ ಶಾಸನದಂತೆ, ಐದು ವರ್ಷ ನೆಲೆಸಿ ಉತ್ತವನಿಗೆ 160 ಎಕರೆ ಭೂಮಿ ದೊರೆಯುತ್ತಿತ್ತು. 1870ರಲ್ಲಿ ಸೈಲಸ್ ಗಾರ್ಬರ್ ಎಂಬ ಮಾಜಿ ಸೈನಿಕ ಸಂಗಡಿಗರೊಡನೆ ಬಂದು ಬೀಡುಬಿಟ್ಟ. ಮರುವರ್ಷ ಕೌಂಟಿಯ ಆಡಳಿತ ರೂಪುಗೊಂಡಿತು. ಮುಂದೆ ಆತನೇ ರಾಜ್ಯದ ಗವರ್ನರನೂ ಆದ. 1879ರಲ್ಲಿ ರೈಲು ಬಂದಿತು. ಜರ್ಮನ್ನರು, ಚೆಕ್ಕರು, ಸ್ಕ್ಯಾಂಡಿನೇವಿಯದವರು, ವರ್ಜೀನಿಯದವರು ಸಾಲುಸಾಲಾಗಿ ಇಳಿದರು. ಮರವಿಲ್ಲದ್ದರಿಂದ ಹುಲ್ಲುಬೇರು ಹೆಣೆದ ಮಣ್ಣನ್ನೇ ಇಟ್ಟಿಗೆಯಂತೆ ಕತ್ತರಿಸಿ ಗೋಡೆ ಕಟ್ಟಿದರು. 1874ರ ಮಿಡತೆ, 1890ರ ದಶಕದ ಬರ ಅವರನ್ನು ಹಣ್ಣು ಮಾಡಿದವು. ಆದರೂ ಜನ ಹೆಚ್ಚಿದರು: 1880ರಲ್ಲಿ 7,104, 1910ರಲ್ಲಿ 12,008. ಅದೇ ಶಿಖರ. ಆಮೇಲೆ ಕಂಡದ್ದು ಇಳಿಜಾರು.

ಇಳಿಮುಖಕ್ಕೆ ಕಾರಣಗಳು ಹಲವು. ಅರೆಶುಷ್ಕ ಬಯಲಿನಲ್ಲಿ 160 ಎಕರೆ ಒಂದು ಸಂಸಾರಕ್ಕೆ ಸಾಲದು. ಟ್ರ್ಯಾಕ್ಟರು ಬಂದಮೇಲೆ ಒಬ್ಬನೇ ಹಲವರ ಹೊಲಗಳನ್ನು ಉಳಬಲ್ಲವನಾದ. ನೆರೆಯವನು ಜಮೀನು ಮಾರಿ ನಗರಕ್ಕೆ ನಡೆದ. 1930ರ ದಶಕದ ಬರ ಮತ್ತು ಧೂಳಿನ ಜೊತೆಗೆ, 1935ರಲ್ಲಿ ರಿಪಬ್ಲಿಕನ್ ನದಿ ಭೀಕರವಾಗಿ ಉಕ್ಕಿ, ಕಣಿವೆಯುದ್ದಕ್ಕೂ ನೂರಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿತು. 1940ರ ಗಣತಿಯಲ್ಲಿ ಉಳಿದವರು 8,071. ಮೇಲ್ಭಾಗದಲ್ಲಿ 1952ರಲ್ಲಿ ಅಣೆಕಟ್ಟು ಮುಗಿದು ನೆರೆಯ ಭಯ ತಗ್ಗಿತಾದರೂ ಜನ ಮರಳಲಿಲ್ಲ. 2020ರ ಸಂಖ್ಯೆ 3,395. ಮೊದಲ ಬಾರಿ ನೆಲ ಬರಿದಾದದ್ದು ಒಪ್ಪಂದ ಮತ್ತು ಬಲದಿಂದ. ಎರಡನೆಯ ಬಾರಿ ಯಾರ ಒತ್ತಾಯವೂ ಇಲ್ಲದೆ, ಲಾಭನಷ್ಟದ ಲೆಕ್ಕದಿಂದ.

ಈ ಎರಡರ ನಡುವಣ ಅಲ್ಪಾವಧಿಯನ್ನು ಹಿಡಿದಿಟ್ಟವರು ಕ್ಯಾಥರ್. 1883ರಲ್ಲಿ, ಒಂಬತ್ತರ ವಯಸ್ಸಿನಲ್ಲಿ, ವರ್ಜೀನಿಯದಿಂದ ಡಿವೈಡಿಗೆ ಬಂದ ಅವರು, ಹೆಚ್ಚು ಕಾಲ ಕಳೆಯುವ ಮುನ್ನವೇ ರೆಡ್ ಕ್ಲೌಡ್‌ಗೆ ತೆರಳಿ, 1890ರಲ್ಲಿ ವಿದ್ಯಾಭ್ಯಾಸಕ್ಕೆಂದು ಲಿಂಕನ್ ನಗರಕ್ಕೆ ಹೋದರು. 1913ರ 'ಓ ಪಯನೀಯರ್ಸ್', 1918ರ 'ಮೈ ಆಂಟೋನಿಯ' ಈ ನೆಲದಿಂದ ಮೂಡಿದವು. ಬೊಹೀಮಿಯದಿಂದ ಬಂದ ಆನಾ ಸಾದಿಲೆಕ್ ಎಂಬ ಹುಡುಗಿ ಆಂಟೋನಿಯಳಿಗೆ ಮೂಲ. ಆಕೆಯ ತಂದೆ ಪರದೇಶದ ಬದುಕನ್ನು ತಾಳಲಾರದೆ ಆತ್ಮಹತ್ಯೆ ಮಾಡಿಕೊಂಡದ್ದೂ ಕಾದಂಬರಿಯಲ್ಲಿ ಬಂದಿದೆ. ಗಾರ್ಬರ್ ದಂಪತಿಗಳು 1923ರ 'ಎ ಲಾಸ್ಟ್ ಲೇಡಿ'ಯ ಪಾತ್ರಗಳಾದರು. ಇಂಗ್ಲಿಷನ್ನು ತಡವರಿಸಿ ಆಡುವ ಒಕ್ಕಲು ಹೆಂಗಸರೂ ಮಹಾಕಾದಂಬರಿಯ ನಾಯಕಿಯರಾಗಬಲ್ಲರೆಂದು ಕ್ಯಾಥರ್ ತೋರಿಸಿಕೊಟ್ಟರು.

ಆದರೆ ಪಾನೀಗಳಿಗೆ ಆ ಪುಟಗಳಲ್ಲಿ ಸಿಕ್ಕ ಎಡೆ ಎಷ್ಟು? 'ಮೈ ಆಂಟೋನಿಯ'ದಲ್ಲಿ, ಹಿಂದೆ ಇಂಡಿಯನ್ನರು ಕುದುರೆ ಓಡಿಸುತ್ತಿದ್ದರೆನ್ನಲಾದ ಒಂದು ವೃತ್ತದ ಗುರುತು ತೆಳುವಾಗಿ ಹಿಮ ಬಿದ್ದಾಗ ಹುಲ್ಲಿನ ಮೇಲೆ ಮೂಡುತ್ತದೆ. ಹೆಚ್ಚುಕಡಿಮೆ ಅಷ್ಟೇ. ಗೈಡ್ ರಾಕ್ ಬಳಿಯ ಆ ಗ್ರಾಮದ ನಿವೇಶನವನ್ನು ಎ. ಟಿ. ಹಿಲ್ ಎಂಬ ಹವ್ಯಾಸಿ ಪುರಾತತ್ತ್ವಜ್ಞರು 1920ರ ದಶಕದಲ್ಲಿ ಕೊಂಡು ಅಗೆದರು. ನೆಬ್ರಾಸ್ಕದ ಇಂಥ ಉತ್ಖನನಗಳಲ್ಲಿ ದೊರೆತ ಪಾನೀಗಳ ಅಸ್ಥಿಗಳು ದಶಕಗಳ ಕಾಲ ಸಂಗ್ರಹಾಲಯದಲ್ಲಿ ಉಳಿದವು. ಮೃತರನ್ನು ಹಿಂದಿರುಗಿಸಬೇಕೆಂಬ ಪಾನೀಗಳ ಹೋರಾಟದ ಫಲವಾಗಿ 1989ರಲ್ಲಿ ರಾಜ್ಯ ಶಾಸನ ಮಾಡಿತು. ಮರುವರ್ಷ, ಅವರು ತಮ್ಮ ಹಿರಿಯರನ್ನು ನೆಬ್ರಾಸ್ಕದ ಜೆನೋವದಲ್ಲಿ ಮತ್ತೆ ಮಣ್ಣು ಮಾಡಿದರು.

ರೆಡ್ ಕ್ಲೌಡ್‌ನಲ್ಲಿ ಕ್ಯಾಥರ್ ಮನೆಯನ್ನೂ ಅವರ ಕಥೆಗಳಲ್ಲಿ ಬರುವ ಕಟ್ಟಡಗಳನ್ನೂ 1955ರಲ್ಲಿ ಹುಟ್ಟಿದ ಸಂಸ್ಥೆಯೊಂದು ಕಾಪಾಡುತ್ತ ಬಂದಿದೆ. ಪಟ್ಟಣದ ದಕ್ಷಿಣಕ್ಕೆ, ನೇಗಿಲು ಕಾಣದ ಸುಮಾರು 610 ಎಕರೆ ಹುಲ್ಲುಗಾವಲನ್ನು 1974ರಲ್ಲಿ ಕೊಂಡು ಅವರ ಹೆಸರಿನಲ್ಲಿ ಉಳಿಸಲಾಗಿದೆ. ಓದುಗರು ಅಲ್ಲಿಗೆ ಕಾದಂಬರಿಯ ನೆಲವನ್ನು ನೋಡಲೆಂದು ಹೋಗುತ್ತಾರೆ. ಆದರೆ ಆ ಹುಲ್ಲು ಕಾದಂಬರಿಗಿಂತ ಹಳೆಯದು, ಕೌಂಟಿಗಿಂತಲೂ ಹಳೆಯದು. ಮೊದಲ ಗಣತಿಗೂ ಮುಂಚೆ ಅದರ ನಡುವೆ ನಡೆದಾಡಿದವರನ್ನು ಎಣಿಸದೆ ಆ ನೆಲದ ಜನಸಂಖ್ಯೆಯ ಲೆಕ್ಕ ಪೂರ್ಣವಾಗದು.