ಕಡತದ ಲೆಕ್ಕವೂ ಲೆಕ್ಕಶಾಸ್ತ್ರದ ಮೂಲತತ್ತ್ವಗಳೂ

ಕನ್ನಡನಾಡಿನ ಹಳೆಯ ಲೆಕ್ಕಪತ್ರಗಳನ್ನು ಭಾಷೆಗಾಗಿಯೂ ಊರು ಕೇರಿಗಳ ಹೆಸರಿಗಾಗಿಯೂ ಧಾರಣೆವಾಸಿಗಳಿಗಾಗಿಯೂ ಓದುವುದುಂಟು. ಆದರೆ ಅವು ಮೊದಲು ಲೆಕ್ಕಗಳು. ಲೆಕ್ಕವಾಗಿ ಓದದಿದ್ದರೆ ಅವುಗಳ ಇತಿಹಾಸವೂ ತಪ್ಪಾಗಿ ತೋರುವುದು. ‘ಜಮಾ’ ಎಂದು ಕಂಡಲ್ಲೆಲ್ಲ ಆದಾಯವೆಂದೂ, ‘ಖರ್ಚು’ ಎಂದು ಕಂಡಲ್ಲೆಲ್ಲ ನಷ್ಟವೆಂದೂ, ‘ಬಾಕಿ’ ಎಂದರೆ ಲಾಭವೆಂದೂ ತಿಳಿದರೆ, ಸಾಲದಲ್ಲಿ ಮುಳುಗಿದ ವರ್ತಕನು ಧನಿಕನಾಗಿ ಕಾಣುವನು. ಈ ಮಾತುಗಳ ಹಿಂದಿರುವ ತತ್ತ್ವಗಳನ್ನು ಬೇರ್ಪಡಿಸಿ ನೋಡುವುದು ಆದುದರಿಂದ ಅವಶ್ಯಕವಾಗಿದೆ.

ಈ ನಾಡಿನ ವರ್ತಕರೂ ಶಾನುಭೋಗರೂ ಲೆಕ್ಕವನ್ನು ಬಹುಕಾಲ ಕಡತದಲ್ಲಿ ಬರೆದರು. ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಸೇರಿಸಿ ಅರಿವೆಗೆ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಮಾರ್ಕ್ ವಿಲ್ಕ್ಸನು 1810ರಲ್ಲಿ ಪ್ರಕಟವಾದ ತನ್ನ ಇತಿಹಾಸಗ್ರಂಥದ ಮೊದಲ ಸಂಪುಟದಲ್ಲಿ ಇದನ್ನು ವರ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಸುಪರಿಚಿತವಾದುವು. ಸರಕಾರದ ಕಚೇರಿಗಳಲ್ಲಿ ಇಂದಿಗೂ ಕಾಗದಪತ್ರಗಳ ಕಟ್ಟಿಗೆ ‘ಕಡತ’ವೆಂದೇ ಹೆಸರು, ವಸ್ತುವು ಹೋದರೂ ಮಾತು ಉಳಿದಿದೆ.

ಲೆಕ್ಕದ ತಿರುಳನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ತುಮಕೂರು ಸೀಮೆಯ ಗುಬ್ಬಿಯು ಹಿಂದೆ ದೊಡ್ಡ ಪೇಟೆ. ನಗರದ ಮಲೆನಾಡಿಗೂ ವಾಲಾಜಾಪೇಟೆಗೂ ನಡುವೆ ನಡೆಯುತ್ತಿದ್ದ ಅಡಕೆಯ ವ್ಯಾಪಾರಕ್ಕೆ ಅದು ತಂಗುದಾಣವಾಗಿದ್ದಿತು. ಅಲ್ಲಿಯ ಒಬ್ಬ ವರ್ತಕನು 100 ವರಹ ಸಾಲ ತಂದು, 80 ವರಹಕ್ಕೆ ಅಡಕೆ ಕೊಂಡು, ಅದರಲ್ಲಿ ಅರ್ಧವನ್ನು 60 ವರಹಕ್ಕೆ ಮಾರಿದನೆಂದು ಇಟ್ಟುಕೊಳ್ಳಬಹುದು. ರೊಕ್ಕದ ಲೆಕ್ಕದಲ್ಲಿ ಜಮಾ 160, ಖರ್ಚು 80, ಬಾಕಿ 80. ಈ 80 ಲಾಭವಲ್ಲ. ಪೆಟ್ಟಿಗೆಯಲ್ಲಿ ಉಳಿದ ಹಣ ಮಾತ್ರ. ಜಮೆಯಲ್ಲಿ 100 ವರಹವು ಸಾಲ. ಖರ್ಚಿನಲ್ಲಿ 40 ವರಹವು ಇನ್ನೂ ಮಳಿಗೆಯಲ್ಲಿರುವ ಸರಕು. ಮಾರಿದ ಅರ್ಧದ ಅಸಲು 40, ಬಂದುದು 60, ಲಾಭ 20. ಕೈಯಲ್ಲಿರುವ 80, ಸರಕಿನ 40, ಒಟ್ಟು 120. ಇದಕ್ಕೆ ಎದುರಾಗಿ ಸಾಲ 100, ಲಾಭ 20. ಎರಡು ಕಡೆಯೂ ತಾಳೆಯಾಯಿತು. ಉಳಿದ ಅಡಕೆಯನ್ನು ಮುಂದೆ ಬರಬಹುದಾದ 60ಕ್ಕೆ ಹಿಡಿಯದೆ ಕೊಂಡ 40ಕ್ಕೇ ಹಿಡಿದುದನ್ನು ಗಮನಿಸಬೇಕು. ಕೈಗೆ ಬಾರದ ಲಾಭವನ್ನು ಲೆಕ್ಕಕ್ಕೆ ತರಬಾರದೆಂಬ ವಿವೇಕವೂ ಲೆಕ್ಕಶಾಸ್ತ್ರದ ಒಂದು ಮೂಲತತ್ತ್ವವೇ.

ಪ್ರತಿಯೊಂದು ವ್ಯವಹಾರಕ್ಕೂ ಎರಡು ಮುಖಗಳುಂಟೆಂಬ ಈ ತತ್ತ್ವವನ್ನು 1494ರಲ್ಲಿ ಲೂಕಾ ಪಚಿಯೋಲಿ ಎಂಬ ಸಂನ್ಯಾಸಿಯು ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ನಿರೂಪಿಸಿದನು. ಅವನು ಇದನ್ನು ಕಂಡುಹಿಡಿದವನಲ್ಲ. ಇಟಲಿಯ ವರ್ತಕರಲ್ಲಿ ರೂಢಿಯಾಗಿದ್ದುದನ್ನು ಕ್ರಮಪಡಿಸಿದವನು. ಜಮಾ ಖರ್ಚುಗಳೆಂಬ ಎರಡು ಪಕ್ಕಗಳಿದ್ದ ಮಾತ್ರಕ್ಕೆ ನಮ್ಮ ಕಡತಗಳಲ್ಲಿಯೂ ಜೋಡಿ ನಮೂದು ಇದ್ದಿತೆಂದು ಹೇಳಲಾಗದು. ಸಾಲ, ಸರಕು, ಬಂಡವಾಳ ಮೊದಲಾದುವನ್ನೆಲ್ಲ ರೊಕ್ಕದೊಡನೆ ಒಂದೇ ಪಟ್ಟಿಯಲ್ಲಿ ತಾಳೆಗೊಳಿಸಿದಾಗ ಮಾತ್ರ ಆ ಹೆಸರು ಸಲ್ಲುವುದು.

ಹಾಗೆಂದು ಉಳಿದ ತತ್ತ್ವಗಳು ಪರದೇಶದಿಂದ ಬಂದುವೆನ್ನುವುದೂ ಸರಿಯಲ್ಲ. ಹೊಯ್ಸಳರ ಕಾಲದ ಶ್ರವಣಬೆಳಗೊಳದ ಶಾಸನಗಳಲ್ಲಿ, ಭಕ್ತರು ಹೊನ್ನನ್ನು ಇಟ್ಟು, ಅದರ ಬಡ್ಡಿಯಿಂದ ಗೊಮ್ಮಟಸ್ವಾಮಿಯ ನಿತ್ಯಾಭಿಷೇಕಕ್ಕೆ ಹಾಲು ಸಲ್ಲಬೇಕೆಂದು ವಿಧಿಸಿದುದು ಕಾಣುತ್ತದೆ. ಇಲ್ಲಿ ಮೂಲಧನ ಬೇರೆ, ಅದರ ಫಲ ಬೇರೆ. ಫಲವನ್ನು ಉಣ್ಣಬಹುದು, ಮೂಲವನ್ನು ಮುಟ್ಟಲಾಗದು. ದೇವರ ಸೊತ್ತು ದೇವರದು, ಅದನ್ನು ನೋಡಿಕೊಳ್ಳುವವನದಲ್ಲ. ಸಂಸ್ಥೆಯೂ ಅದರ ಒಡೆಯನೂ ಲೆಕ್ಕದಲ್ಲಿ ಬೇರೆಬೇರೆಯೆಂಬ ಇಂದಿನ ಪಾಠಕ್ಕೆ ಇದು ಬಹು ಸಮೀಪವಾದುದು. ದತ್ತಿಯು ‘ಆಚಂದ್ರಾರ್ಕ’ವಾಗಿ ನಡೆಯಬೇಕೆಂಬ ಮಾತಿನಲ್ಲಿ, ಸಂಸ್ಥೆಯು ನಿಲ್ಲದೆ ಮುಂದುವರಿಯುವುದೆಂಬ ಭಾವನೆಯೂ ಅಡಗಿದೆ.

ಕಂದಾಯದ ಲೆಕ್ಕದಲ್ಲಿ ಇನ್ನೊಂದು ತತ್ತ್ವವು ಸ್ಪಷ್ಟವಾಗಿದೆ. ಅಲ್ಲಿಯ ಕ್ರಮ ಜಮಾ, ವಸೂಲು, ಬಾಕಿ. ಈ ಜಮೆಯು ಬಂದ ಹಣವಲ್ಲ, ಸಲ್ಲಬೇಕಾದ ಹಣ, ವಸೂಲು ಬಂದುದು, ಬಾಕಿಯು ಇನ್ನೂ ಬರಬೇಕಾದುದು. ಹಣವು ಕೈಸೇರುವ ಮೊದಲೇ ಹಕ್ಕನ್ನು ದಾಖಲೆ ಮಾಡುವುದೆಂದರೆ ಇದೇ. ವರ್ತಕನ ಜಮೆಗೂ ಶಾನುಭೋಗನ ಜಮೆಗೂ ಇರುವ ಈ ಭೇದವನ್ನು ಮರೆತರೆ, ಕ್ಷಾಮದ ವರ್ಷವೂ ಸುಭಿಕ್ಷವಾಗಿ ತೋರಬಹುದು. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಆಯವನ್ನು ವರ್ತಮಾನ, ಪರ್ಯುಷಿತ, ಅನ್ಯಜಾತ ಎಂದು ವಿಂಗಡಿಸಿದೆ. ಈ ಕಾಲದ್ದು ಯಾವುದು, ಹಿಂದಿನ ಕಾಲದ್ದು ಯಾವುದು ಎಂಬ ವಿವೇಚನೆಯು ಅಷ್ಟು ಹಳೆಯದು.

ಕಡತದ ನಿಜವಾದ ಕೊರತೆಯು ಬೇರೊಂದೆಡೆಯಲ್ಲಿತ್ತು. ಬಳಪದ ಬರಹವನ್ನು ಅಳಿಸಿ ಮತ್ತೆ ಬರೆಯಬಹುದು; ಅಳಿಸಿದುದಕ್ಕೆ ಕುರುಹು ಉಳಿಯದು. ಲೆಕ್ಕದ ಪ್ರಾಮಾಣ್ಯವೆಲ್ಲ ಬರೆದವನ ಪ್ರಾಮಾಣಿಕತೆಯನ್ನು ಅವಲಂಬಿಸಿತ್ತು. ಈ ಪ್ರಶ್ನೆಯು ಇಂದಿಗೂ ಮುಗಿದಿಲ್ಲ. ತುಮಕೂರಿನ ಸತ್ಯಮಂಗಲದಲ್ಲಿ ಈಗ ಕೈಗಾರಿಕಾ ಪ್ರದೇಶವಿದೆ. ಅಂಥಲ್ಲಿಯ ಕಂಪೆನಿಗಳು 2013ನೆಯ ಕಂಪೆನಿ ಕಾಯಿದೆಯ 128ನೆಯ ಪ್ರಕರಣದಂತೆ ಜೋಡಿ ನಮೂದಿನಲ್ಲಿಯೇ, ಸಲ್ಲತಕ್ಕ ಹಣವನ್ನೂ ಸೇರಿಸಿಯೇ ಲೆಕ್ಕವಿಡಬೇಕು. ಗಣಕಯಂತ್ರದಲ್ಲಿ ಲೆಕ್ಕವಿಟ್ಟರೆ, 2023ರ ಏಪ್ರಿಲ್ 1ರಿಂದ, ಮಾಡಿದ ತಿದ್ದುಪಡಿಯೆಲ್ಲವೂ ಅಳಿಯದಂತೆ ದಾಖಲಾಗಬೇಕೆಂದು ನಿಯಮವಿದೆ. ಕಡತಕ್ಕೆ ಇಲ್ಲದಿದ್ದ ಗುಣವನ್ನು ಯಂತ್ರಕ್ಕೆ ಶಾಸನದಿಂದ ಕೊಡಬೇಕಾಯಿತು.

ಕರ್ನಾಟಕದಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆಯು 1961ನೆಯ ಕಾಯಿದೆಯ ಮೂಲಕ 1963ರಲ್ಲಿ ಕೊನೆಗೊಂಡಿತು. ಕಡತಗಳನ್ನು ಬಾಯಿಪಾಠದಂತೆ ಓದಬಲ್ಲ ಪರಂಪರೆಯೂ ಅದರೊಡನೆ ಕ್ಷೀಣಿಸಿತು. ಆದುದರಿಂದ ಅವನ್ನು ಸಂಪಾದಿಸುವವರು ಪ್ರತಿಯೊಂದು ಜಮೆಯನ್ನೂ ಕುರಿತು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು: ಇದು ಯಾರ ಲೆಕ್ಕ? ಯಾವ ಅವಧಿಯದು? ಬಂದ ಹಣವೋ, ಬರತಕ್ಕ ಹಣವೋ? ಈ ಮೂರಕ್ಕೂ ಉತ್ತರ ದೊರೆತ ಮೇಲೆ ಮಾತ್ರ ಆ ಅಂಕಿಗಳಿಂದ ಇತಿಹಾಸವನ್ನು ಬರೆಯುವುದು ಯುಕ್ತ.