ಬಾಗಿಲಿಗೆ ಎಷ್ಟು ಕತ್ತರಿ ಹಾಕಬಹುದು?

ನಮ್ಮ ಊರಮನೆಯ ಉಗ್ರಾಣಕ್ಕೆ ಮೊನ್ನೆ ಮೊನ್ನೆಯವರೆಗೂ ಕದವೇ ಇರಲಿಲ್ಲ. ದಾರಂದ ಇತ್ತು, ಹೊಸ್ತಿಲು ಇತ್ತು, ನಡುವೆ ಅಮ್ಮನ ಹಳೇ ಸೀರೆಯ ಪರದೆ ಇತ್ತು, ಅಷ್ಟೆ. ಅಕ್ಕಿಮೂಟೆ, ಉಪ್ಪಿನಕಾಯಿ ಭರಣಿಗೆ ಬಾಗಿಲು ಯಾಕೆ ಬೇಕು ಹೇಳಿ? ಆದರೆ ಮಂಡಿ ಆಪರೇಷನ್ ಆದ ಮೇಲೆ ಅಮ್ಮನಿಗೆ ಉಪ್ಪರಿಗೆ ಹತ್ತಲಿಕ್ಕೆ ಆಗುವುದಿಲ್ಲ ಎಂದಾದಾಗ ಉಗ್ರಾಣವನ್ನೇ ಖಾಲಿ ಮಾಡಿ ಅವಳ ಕೋಣೆ ಮಾಡಿದೆವು. ಅಮ್ಮ ಕೇಳಿದ್ದು ಒಂದೇ. "ಒಂದು ಬಾಗಿಲು ಹಾಕಿಸಿ ಕೊಡು ಮಾರಾಯ. ಬಂದವರು ಹೋದವರ ಎದುರಿಗೆ ಎಷ್ಟು ದಿನ ಅಂತ ಹೀಗೆ ಮಲಗೋದು?"

ಟೇಪು ಹಿಡಿದು ಅಳೆದೆ. ಎತ್ತರ 70 ಇಂಚು. ಅಗಲ ಮೇಲೆ 28, ಕೆಳಗೆ 28 ಮುಕ್ಕಾಲು. ಮಣ್ಣಿನ ಗೋಡೆ ಎಷ್ಟೋ ಮಳೆಗಾಲ ಕಂಡು ಒಂದು ಕಡೆ ಸ್ವಲ್ಪ ಕುಸಿದಿದೆ, ದಾರಂದವೂ ಅದರ ಜೊತೆ ವಾಲಿದೆ. ಪೇಟೆಯಲ್ಲಿ ಸಿಕ್ಕಿದ ರೆಡಿಮೇಡ್ ಬಾಗಿಲು 78ಕ್ಕೆ 30. "ಕತ್ತರಿಸಿದರಾಯ್ತು" ಅಂದುಕೊಂಡು ಇದ್ದುದರಲ್ಲಿ ಅಗ್ಗದ್ದನ್ನೇ ತಂದೆ. ನೋಡಲು ಚೆಂದ, ಆರು ಹಲಗೆ ಕೂರಿಸಿದ ಹಾಗೆ ಕೆತ್ತನೆ ಬೇರೆ. ಗರಗಸ ಹಾಕಿದರೆ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಆಗಲೇ ಅನುಮಾನ ಬರಬೇಕಿತ್ತು! ಕೆಳಗಿನ ತುಂಡು ಬಿದ್ದಾಗ ನೋಡಿದರೆ ಒಳಗೆ ಮರವೇ ಇಲ್ಲ. ಜೇನುಗೂಡಿನ ಆಕಾರದಲ್ಲಿ ಕಾಗದ, ಆಚೆ ಈಚೆ ಒಂದೊಂದು ತೆಳು ಸಿಪ್ಪೆ.

ನಮ್ಮ ಆಚಾರ್ರು ಬಂದು ಬೆರಳಲ್ಲಿ ತಟ್ಟಿ ನೋಡಿದರು. "ಇದು ಬಾಗ್ಲಲ್ಲ ಮಾರಾಯ್ರೇ, ಬಿಸ್ಕೀಟ್ ಡಬ್ಬಿ. ನೀವು ಕೊಯ್ದದ್ದು ಅದರ ಅಡಿಯನ್ನ."

ನಾಚಿಕೆಯಾಯಿತು. ಆದರೆ ಒಂದು ಪ್ರಶ್ನೆ ತಲೆಗೆ ಹೊಕ್ಕಿತು. ಬಾಗಿಲನ್ನು ಕತ್ತರಿಸಿ ಕೂರಿಸುವ ಈ ಪದ್ಧತಿ ಎಲ್ಲಿಂದ ಬಂತು? ಅಜ್ಜನ ಕಾಲದ ಬಾಗಿಲುಗಳನ್ನು ಯಾರಾದರೂ ಹೀಗೆ ಕತ್ತರಿಸುತ್ತಿದ್ದರಾ?

ಇಲ್ಲ. ಉತ್ತರ ನಮ್ಮ ಹೆಬ್ಬಾಗಿಲಿನಲ್ಲೇ ಇತ್ತು, ಇಷ್ಟು ವರ್ಷ ನೋಡಿಯೂ ನೋಡಿರಲಿಲ್ಲ. ಆ ಬಾಗಿಲಿಗೆ ಬಿಜಾಗರಿ ಇಲ್ಲ. ಕದದ ಒಂದು ಅಂಚಿನಲ್ಲಿ ಮೇಲೊಂದು ಕೆಳಗೊಂದು ಮರದ ಮೊಳೆಯಂತೆ ಚಾಚಿಕೊಂಡಿದೆ, ಅವು ಕುಳಿಗಳಲ್ಲಿ ಕೂತು ತಿರುಗುತ್ತವೆ. ನಮ್ಮ ಕಡೆ ತಿರುಗಣಿ ಅನ್ನುತ್ತಾರೆ. ಹಂಪಿಗೆ ಹೋದವರು ಕೋಟೆಬಾಗಿಲುಗಳಲ್ಲಿ ಬಗ್ಗಿ ನೋಡಿ, ಕದಗಳು ಎಂದೋ ಹೋಗಿವೆ, ಅವು ತಿರುಗುತ್ತಿದ್ದ ಕಲ್ಲಿನ ಕುಳಿಗಳು ಉಳಿದಿವೆ.

ಮುಖ್ಯವಾದ ಸಂಗತಿ ಏನೆಂದರೆ, ಈ ಕದ ದಾರಂದದ ಒಳಗೆ ಕೂರುವುದಿಲ್ಲ, ದಾರಂದದ ಹಿಂದೆ ನಿಲ್ಲುತ್ತದೆ. ಕಂಡಿಗಿಂತ ಕದವೇ ದೊಡ್ಡದು. ಮುಚ್ಚಿದಾಗ ನಾಲ್ಕೂ ಕಡೆ ದಾರಂದದ ಮೇಲೆ ಒರಗಿಕೊಳ್ಳುತ್ತದೆ. ಹಾಗಾಗಿ ಕಂಡಿ ಅರ್ಧ ಇಂಚು ವಾಲಿದರೂ, ಮಳೆಗಾಲದಲ್ಲಿ ಹಲಗೆ ಉಬ್ಬಿದರೂ ಬಾಗಿಲಿಗೆ ಅದು ಗೊತ್ತೇ ಆಗುವುದಿಲ್ಲ. ಅಳತೆ ಸರಿಯಿಲ್ಲದ ಕಂಡಿ ಎಂಬ ಸಮಸ್ಯೆಯೇ ಆಗ ಇರಲಿಲ್ಲ.

ಸಮಸ್ಯೆ ಬಂದದ್ದು ಕದವನ್ನು ದಾರಂದದ ಒಳಗೇ, ಅದರ ಮಟ್ಟಕ್ಕೆ ಸರಿಯಾಗಿ ಕೂರಿಸಬೇಕು ಅನ್ನುವ ಅಭ್ಯಾಸ ಬಂದ ಮೇಲೆ. ಅದಕ್ಕೆ ಬೇಕಾದದ್ದು ಎರಡು ರೆಕ್ಕೆಯ ಬಿಜಾಗರಿ. ಇಂಗ್ಲೆಂಡಿನಲ್ಲಿ 1775ರಲ್ಲಿ ಇಝಾನ್ ಮತ್ತು ವೈಟ್‌ಹರ್ಸ್ಟ್ ಎಂಬಿಬ್ಬರು ಎರಕದ ಕಬ್ಬಿಣದ ಬಿಜಾಗರಿಗೆ ಪೇಟೆಂಟ್ ಪಡೆದರು. ಕಮ್ಮಾರ ಒಂದೊಂದಾಗಿ ಬಡಿದು ಮಾಡುತ್ತಿದ್ದ ವಸ್ತು ಅಗ್ಗವಾಗಿ ರಾಶಿಗಟ್ಟಲೆ ಸಿಗುವಂತಾಯಿತು. ಇದು ಕದ ಮತ್ತು ದಾರಂದದ ಸಂದಿನಲ್ಲಿ ಅಡಗಿ ಕೂರುತ್ತದೆ, ಹೊರಗೆ ಕಾಣುವುದು ಅದರ ಬೆನ್ನೆಲುಬು ಮಾತ್ರ. (ಅಂದ ಹಾಗೆ 'ಬಿಜಾಗರಿ' ನಮ್ಮ ಪದವಲ್ಲ, ಪೋರ್ಚುಗೀಸರ 'ಬಿಸಾಗ್ರ'. 'ಜನ್ನೆಲು' ಕೂಡ ಅವರದೇ 'ಜನೇಲಾ'. ಬಾಗಿಲು ಮಾತ್ರ ನಮ್ಮದು!) ಕದ ಒಳಗೆ ಬಂದದ್ದೇ ತಡ, ಸುತ್ತ ಒಂದು ನಾಣ್ಯದ ದಪ್ಪದಷ್ಟು ಸಂದು ಬಿಡಬೇಕಾಯಿತು. ಹೆಚ್ಚಾದರೆ ಗಾಳಿ, ಕಮ್ಮಿಯಾದರೆ ಕಚ್ಚಿಕೊಳ್ಳುತ್ತದೆ. ಕೀಸುಳಿ ಹಿಡಿದು ಬಾಗಿಲಿನ ಅಂಚು ಸವರುವ ಕೆಲಸಕ್ಕೆ ಬೆಲೆ ಬಂದದ್ದು ಇಲ್ಲಿಂದ.

ಹಳೆಯ ಬಡಗಿಗಳು ಇದಕ್ಕೆ ತಯಾರಾಗಿದ್ದರು ಅನ್ನುವುದೇ ನನಗೆ ತುಂಬ ಹಿಡಿಸಿದ ವಿಷಯ. ಹಲಗೆ ಕೂರಿಸಿದ ಬಾಗಿಲನ್ನು (ಪ್ಯಾನಲ್ ಬಾಗಿಲು) ಗಮನಿಸಿ. ಎರಡು ಉದ್ದಪಟ್ಟಿ, ಮೂರೋ ನಾಲ್ಕೋ ಅಡ್ಡಪಟ್ಟಿ, ನಡುವೆ ಹಲಗೆಗಳು. ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ, ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ. ಅದಕ್ಕೇ ಹಲಗೆಯನ್ನು ಅಂಟಿಸುವುದಿಲ್ಲ, ಪಟ್ಟಿಯ ಗಾಡಿಯಲ್ಲಿ ಸಡಿಲವಾಗಿ ಬಿಡುತ್ತಾರೆ. ಅದರ ಉಸಿರಾಟ ಅದರಷ್ಟಕ್ಕೆ, ಬಾಗಿಲಿನ ಅಳತೆ ಹೆಚ್ಚು ಬದಲಾಗುವುದಿಲ್ಲ. ಸವರಲಿಕ್ಕೆ ಸಿಗುವುದು ಸುತ್ತಲಿನ ಪಟ್ಟಿಗಳು. ಮೇಲಿನ ಪಟ್ಟಿಗಿಂತ ಕೆಳಗಿನದ್ದು ಹೆಚ್ಚುಕಮ್ಮಿ ದುಪ್ಪಟ್ಟು ಅಗಲ ಇರುತ್ತದೆ. ಗಟ್ಟಿತನಕ್ಕೆ, ಅಂದಕ್ಕೆ ಹೌದು, ಆದರೆ ನೆಲ ಏರುತಗ್ಗು ಇದ್ದಾಗ ಒಂದಿಂಚು ತೆಗೆದರೂ ನಡೆಯುತ್ತದೆ ಅನ್ನುವ ಅನುಕೂಲವೂ ಅದರಲ್ಲಿದೆ.

ಇನ್ನೊಂದು ಉಂಟು, ಕೊಂಬು. ಬಡಗಿ ಉದ್ದಪಟ್ಟಿಗಳನ್ನು ಮೇಲೂ ಕೆಳಗೂ ಬೇಕಾದ್ದಕ್ಕಿಂತ ಉದ್ದ ಬಿಡುತ್ತಿದ್ದ. ಅಡ್ಡಪಟ್ಟಿಯ ನಾಲಗೆಯನ್ನು ತೂತಿಗೆ ಹೊಡೆದು ಬೆಣೆ ಇಡುವಾಗ ತುದಿ ಸೀಳಬಾರದು, ಸಾಗಿಸುವಾಗ ಮೂಲೆ ಮುರಿಯಬಾರದು ಅಂತ. ಇಂಗ್ಲಿಷಿನಲ್ಲೂ ಅದಕ್ಕೆ ಕೊಂಬು ಅಂತಲೇ ಹೆಸರು. ಬಾಗಿಲು ಕೂರಿಸುವ ದಿನ ಅದನ್ನು ಕೊಯ್ಯುವುದು. ಅಂದರೆ ಆ ಬಾಗಿಲು ಹುಟ್ಟುವಾಗಲೇ ಕೊಯ್ಸಿಕೊಳ್ಳಲು ಸಿದ್ಧವಾಗಿರುತ್ತಿತ್ತು.

ಆಮೇಲೆ ಬಂತು ಕಾರ್ಖಾನೆ. 1905ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿಯ ಪೋರ್ಟ್‌ಲ್ಯಾಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ, ಮರದ ಪೆಟ್ಟಿಗೆ ಮಾಡುತ್ತಿದ್ದದ್ದು, ತೆಳು ಪದರಗಳನ್ನು ಅಡ್ಡ-ಉದ್ದ ಅಂಟಿಸಿದ ಹಲಗೆಗಳನ್ನು ಅಲ್ಲಿ ಇಟ್ಟಿತು. ಅದನ್ನು ನೋಡಿ ಮೊದಲು ಕಣ್ಣರಳಿಸಿದವರಲ್ಲಿ ಬಾಗಿಲು ಮಾಡುವವರು ಇದ್ದರು. ಒಂದು ಪದರ ಹಿಗ್ಗಲು ಹೊರಟರೆ ಪಕ್ಕದ್ದು ಬಿಡುವುದಿಲ್ಲವಲ್ಲ! ಬಾಗಿಲಿನವರ ಕಾಟವೇ ಹೋಯಿತು. 1924ರಲ್ಲಿ ವಿಲಿಯಂ ಮೇಸನ್ ಎಂಬಾತ ಮಿಸಿಸಿಪ್ಪಿಯ ಲಾರೆಲ್‌ನಲ್ಲಿ ಮರದ ಚೂರುಗಳನ್ನು ಹಬೆಯಲ್ಲಿ ಸಿಡಿಸಿ, ನಾರಾಗಿಸಿ, ಒತ್ತಿ ಹಾರ್ಡ್‌ಬೋರ್ಡ್ ಮಾಡಿದ. ಇವೆರಡೂ ಸಿಕ್ಕ ಮೇಲೆ ಪಟ್ಟಿ-ಹಲಗೆಯ ಗೊಡವೆ ಯಾರಿಗೆ ಬೇಕು? ಸುತ್ತ ಒಂದು ಕಡ್ಡಿ ಚೌಕಟ್ಟು, ಮೇಲೆ ಎರಡು ಸಿಪ್ಪೆ. ಧೂಳು ಕೂರುವುದಿಲ್ಲ, ಒರೆಸಲು ಸುಲಭ, ನೋಡಲು 'ಮಾಡರ್ನ್'. ಅದೇ ಫ್ಲಶ್ ಡೋರ್.

ಬ್ರಿಟನ್ನಿನಲ್ಲಿ ಈ ಹುಚ್ಚು ಎಷ್ಟಾಯಿತೆಂದರೆ, 1962ರಲ್ಲಿ ಬಿಬಿಸಿ ಟೀವಿಯಲ್ಲಿ ಬ್ಯಾರಿ ಬಕ್ನೆಲ್ ಎಂಬಾತ ಒಂದು ಹಳೇ ಮನೆಯನ್ನು ವಾರವಾರ ರಿಪೇರಿ ಮಾಡಿ ತೋರಿಸಿದ. ಹಲಗೆ ಬಾಗಿಲುಗಳ ಮೇಲೆ ಹಾರ್ಡ್‌ಬೋರ್ಡ್ ಹೊಡೆದು ಸಪಾಟು ಮಾಡುವುದನ್ನು ಜನ ಕಲಿತದ್ದು ಇವನಿಂದ. ಎಷ್ಟೋ ವಿಕ್ಟೋರಿಯನ್ ಬಾಗಿಲುಗಳು ಹಾಗೆ ಮುಚ್ಚಿಹೋದವು. ತಮಾಷೆ ಏನು ಗೊತ್ತೇ? ಮುಂದೆ ಜನಕ್ಕೆ ಹಳೇ ಬಾಗಿಲಿನ ಮೇಲೆ ಮತ್ತೆ ಆಸೆ ಹುಟ್ಟಿದಾಗ ಅದೇ ನಾರುಹಲಗೆಯನ್ನು ಅಚ್ಚಿನಲ್ಲಿ ಒತ್ತಿ, ಹಲಗೆ ಕೂರಿಸಿದ ಹಾಗೆ ಕಾಣುವ ಸಿಪ್ಪೆ ಮಾಡಿ ಮಾರಿದರು. ನಾನು ತಂದದ್ದು ಅದರ ಮರಿಮೊಮ್ಮಗ :)

ಈ ಪೊಳ್ಳು ಬಾಗಿಲಿನಲ್ಲಿ ಮರ ಇರುವುದು ಅಂಚಿನ ಕಡ್ಡಿಯಲ್ಲಿ, ಮತ್ತೆ ಬೀಗ ಕೂರುವ ಜಾಗದ ಒಂದು ತುಂಡಿನಲ್ಲಿ. ಅಂಚಿನಲ್ಲಿ ಕೆಲವೇ ಮಿಲಿಮೀಟರ್ ಸವರಬಹುದು, ಅದರಾಚೆ ಹೋದರೆ ನನ್ನ ಗತಿ. ಕೊಂಬಿನ ಬಾಗಿಲಿನಿಂದ ಇಲ್ಲಿಯವರೆಗೆ ಬರುವಷ್ಟರಲ್ಲಿ ಕಮ್ಮಿಯಾದದ್ದು ಮರ ಮಾತ್ರವಲ್ಲ, ಸೊಟ್ಟ ಗೋಡೆಯ ಮನೆಯವರಿಗಾಗಿ ಬಿಟ್ಟಿದ್ದ ಜಾಗ. ಗೋಡೆಯೇ ಬಾಗಿಲಿನ ಅಳತೆಗೆ ನೇರವಾಗಿರಬೇಕು ಅಂತ ಕಾರ್ಖಾನೆ ತೀರ್ಮಾನಿಸಿತು. ಹೊಸ ಕಾಂಕ್ರೀಟ್ ಮನೆಗೆ ಸರಿ. ಮಣ್ಣಿನ ಗೋಡೆಗೆ?

ನಮ್ಮ ದೇಶದಲ್ಲಿ ಎರಡು ಬಗೆಯನ್ನೂ ಬೇರೆಬೇರೆ ಮಾನಕಗಳಲ್ಲಿ ಇಟ್ಟಿದ್ದರು. ಪೊಳ್ಳು ಬಾಗಿಲಿಗೆ ಐಎಸ್ 2191, ಒಳಗೆ ಪೂರ್ತಿ ಮರ ತುಂಬಿದ್ದಕ್ಕೆ ಐಎಸ್ 2202. ಪರೀಕ್ಷೆ ಹೇಗೆ ಅನ್ನುವುದು ಐಎಸ್ 4020ರಲ್ಲಿದೆ. ಅದರಲ್ಲಿ ಒಂದು ಪರೀಕ್ಷೆಗೆ ಬಾಗಿಲನ್ನು ನೆಟ್ಟಗೆ 300 ಮಿ.ಮೀ. ನೀರಿನಲ್ಲಿ 24 ಗಂಟೆ ನಿಲ್ಲಿಸಿ, ಒಣಗಿಸಿ, ಮತ್ತೆ ನಿಲ್ಲಿಸುತ್ತಾರೆ, ಪದರ ಬಿಡಬಾರದು. ಓದಿ ಖುಷಿಯಾಯಿತು, ಬಚ್ಚಲಮನೆ ಬಾಗಿಲಿನ ಪಾಡು ಬಲ್ಲವರೇ ಬರೆದಿರಬೇಕು. ಆದರೆ ಆ ಪರೀಕ್ಷೆ ಕಾರ್ಖಾನೆಯ ಅಂಚಿಗೆ. ನಾವು ಅಡಿಯನ್ನು ಕೊಯ್ದು ಹಾಗೇ ಬಿಟ್ಟರೆ ಆ ಹೊಸ ಅಂಚಿನ ಜವಾಬ್ದಾರಿ ನಮ್ಮದೇ.

ಒಳಗಿನ ಮರವೂ ಬದಲಾಗಿದೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಡಿನ ಮರ ಕಡಿಯುವುದಕ್ಕೆ ಕಡಿವಾಣ ಹಾಕಿತು. ಪ್ಲೈವುಡ್ ಉದ್ಯಮ ನೆಟ್ಟು ಬೆಳೆಸಿದ ಮರಗಳ ಕಡೆ ತಿರುಗಿತು. ಯಮುನಾನಗರದಲ್ಲಿ ಪಾಪ್ಲರ್, ಕೇರಳದ ಪೆರುಂಬಾವೂರಿನಲ್ಲಿ ರಬ್ಬರ್ ಮರ, ನಮ್ಮ ಕಾಫಿ ತೋಟಗಳಿಂದ ಸಿಲ್ವರ್ ಓಕ್. ಹಗುರ ಮರಗಳು, ಕೊಯ್ಯಲು ಸುಲಭ. ಕಾಡು ಉಳಿಯುವುದಾದರೆ ನನ್ನ ತಕರಾರಿಲ್ಲ, ಆದರೆ ಒಳಗೆ ಏನಿದೆ ಅಂತ ಅಂಗಡಿಯಲ್ಲಿ ಕೇಳಿಯೇ ತರಬೇಕು. ತಟ್ಟಿ ನೋಡಿ, ಎತ್ತಿ ನೋಡಿ. ಭಾರ ಸುಳ್ಳು ಹೇಳುವುದಿಲ್ಲ.

ಇರಲಿ, ಅಮ್ಮನ ಕೋಣೆಗೆ ಬರುತ್ತೇನೆ. ಆಚಾರ್ರು ಎರಡನೇ ಸಲ ಬಂದಾಗ ಟೇಪು ಹಿಡಿಯಲೇ ಇಲ್ಲ. ಅಮ್ಮನ ವಾಕರ್ ನೋಡಿದರು, ಮೂರಿಂಚಿನ ಹೊಸ್ತಿಲು ನೋಡಿದರು. "ಅಮ್ಮ ಇದನ್ನ ದಾಟೋದು ಹೇಗೆ?" ಅಂದರು. ನಾನು ಯೋಚಿಸಿಯೇ ಇರಲಿಲ್ಲ. ಹೊಸ್ತಿಲು ತೆಗೆದರೆ ಕಂಡಿಯ ಎತ್ತರ 73 ಆಗುತ್ತದೆ. ಅಂದರೆ ನಾನು ಕೊಯ್ದ ಬಾಗಿಲು ಪೊಳ್ಳಲ್ಲದಿದ್ದರೂ ಮೂರಿಂಚು ಗಿಡ್ಡ! ಹೊಸ್ತಿಲು ಕೊಯ್ಯುವುದು ಅಂದರೆ ಅಮ್ಮ ಒಪ್ಪುತ್ತಾಳಾ ಅಂತ ನನಗೆ ಹೆದರಿಕೆ. ಅವಳು ನಕ್ಕುಬಿಟ್ಟಳು. "ಅಕ್ಕಿ ಇದ್ದಾಗ ಲಕ್ಷ್ಮಿ ಇದ್ಲು. ಈಗ ನಾನಿದ್ದೀನಿ, ನಂಗೆ ದಾಟ್ಲಿಕ್ಕೆ ಆಗ್ಬೇಕಲ್ಲ. ತೆಗೀರಿ."

ಮರ ತುಂಬಿದ ಫ್ಲಶ್ ಬಾಗಿಲು ತಂದೆವು, ಬೆಲೆ ಮೊದಲಿನದರ ದುಪ್ಪಟ್ಟಿಗೂ ಹೆಚ್ಚು. ಆಚಾರ್ರು ಅಳತೆ ಬರೆಯಲಿಲ್ಲ, ಬಾಗಿಲನ್ನೇ ಕಂಡಿಗೆ ಒರಗಿಸಿ ದಾರಂದದ ವಾಲನ್ನು ಪೆನ್ಸಿಲಿನಲ್ಲಿ ಅದರ ಮೇಲೆ ಎಳೆದುಕೊಂಡರು. ಅಗಲವನ್ನು ಎರಡೂ ಕಡೆಯಿಂದ ಹಂಚಿ ತೆಗೆದರು, ಎತ್ತರವನ್ನು ಅಡಿಯಿಂದ. ಅಂಚಿನ ಪಟ್ಟಿ ಹೋದ ಕಡೆಗೆಲ್ಲ ಹಳೇ ಹಲಸಿನ ತೊಲೆಯಿಂದ ಸೀಳಿದ ಪಟ್ಟಿ ಅಂಟಿಸಿದರು, ಅದರ ದಪ್ಪವನ್ನು ಮೊದಲೇ ಲೆಕ್ಕ ಹಾಕಿ ಅಷ್ಟು ಹೆಚ್ಚು ಕೊಯ್ದಿದ್ದರು. ಅಡಿಯ ಅಂಚಿಗೆ ಎರಡು ಸಲ ಬಣ್ಣ. ಕೊನೆಯ ಸವರುವಿಕೆ ಮಾತ್ರ ಮಳೆಗಾಲದಲ್ಲಿ ಬೇಡವೇ ಬೇಡ ಅಂದರು. ದಾರಂದ ಉಬ್ಬಿರುವಾಗ ಸವರಿದರೆ ಮಾರ್ಚಿನಲ್ಲಿ ಬೆರಳು ತೂರುವ ಸಂದಂತೆ. ದೀಪಾವಳಿ ಕಳೆದ ಮೇಲೆ ಬಂದು ಕೀಸುಳಿ ಹಾಕಿ ಹೋದರು.

ಬಿಸ್ಕೀಟ್ ಡಬ್ಬಿ ಈಗ ಕೊಟ್ಟಿಗೆಯ ಅಟ್ಟದಲ್ಲಿದೆ. ಅಮ್ಮ ಮೊದಲ ದಿನ ರಾತ್ರಿ ಊಟ ಆದಮೇಲೆ ವಾಕರ್ ತಳ್ಳಿಕೊಂಡು ಒಳಗೆ ಹೋಗಿ, ಯಾರ ಸಹಾಯವೂ ಇಲ್ಲದೆ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಪಡಸಾಲೆಗೆ ಕೇಳಿಸಿತು.