ಶುಶ್ರೂಷಾ ಶಿಕ್ಷಣದಲ್ಲಿ ಕೃತಕ ರೋಗಿ: ಬೊಂಬೆಯಿಂದ ಕಲ್ಪಿತ ವಾಸ್ತವದವರೆಗೆ

ಶುಶ್ರೂಷೆಯನ್ನು ಗ್ರಂಥಗಳಿಂದಲೇ ಕಲಿಯುವುದು ಅಸಾಧ್ಯ, ಕೈ ಪಳಗಬೇಕು. ಆದರೆ ಪಳಗದ ಕೈಯ ಮೊದಲ ಸೂಜಿ ಯಾರ ಮೈಗೆ ಚುಚ್ಚಬೇಕು? ಕೃತಕ ರೋಗಿಯ ಚರಿತ್ರೆಯ ಹಿಂದಿರುವುದು ಈ ಪ್ರಶ್ನೆಯೇ. ವರ್ಚುವಲ್ ರಿಯಾಲಿಟಿ, ಅಂದರೆ ಕಲ್ಪಿತ ವಾಸ್ತವದ ಮೂಲಕ ದಾದಿಯರಿಗೆ ನೀಡುವ ಇಂದಿನ ಶಿಕ್ಷಣವನ್ನು ಆ ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

1911ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ದಾದಿಯರ ಶಾಲೆಗಾಗಿ ಬೊಂಬೆ ತಯಾರಕಿ ಮಾರ್ಥಾ ಚೇಸ್ ಆಳೆತ್ತರದ ಬೊಂಬೆಯೊಂದನ್ನು ನಿರ್ಮಿಸಿದರು. 'ಮಿಸೆಸ್ ಚೇಸ್' ಎಂದೇ ಹೆಸರಾದ ಆ ಬೊಂಬೆಯನ್ನು ಹೊರಳಿಸಿ, ಎತ್ತಿ, ಉಡುಪು ತೊಡಿಸಿ ವಿದ್ಯಾರ್ಥಿನಿಯರು ಕಲಿತರು. 1914ರ ಮಾದರಿಯ ತೋಳಿನಲ್ಲಿ ಸೂಜಿ ಚುಚ್ಚಲು ಎಡೆಯಿದ್ದಿತು. 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್, ಬಾಯಿಂದ ಬಾಯಿಗೆ ಉಸಿರು ತುಂಬುವ ಅಭ್ಯಾಸಕ್ಕಾಗಿ 'ರೆಸಸಿ ಆನ್' ಎಂಬ ಬೊಂಬೆಯನ್ನು ಹೊರತಂದರು.

ತಲೆಗೆ ಧರಿಸುವ ದೃಶ್ಯಯಂತ್ರವನ್ನು ಐವನ್ ಸದರ್ಲೆಂಡ್ 1968ರಲ್ಲಿಯೇ ರಚಿಸಿದ್ದರೂ, ಅಂಥ ಸಾಧನಗಳು ಜನಸಾಮಾನ್ಯರ ಕೈಗೆ ವ್ಯಾಪಕವಾಗಿ ಎಟುಕಿದುದು 2016ರ ಸುಮಾರಿನಲ್ಲಿ, ಮುಖ್ಯವಾಗಿ ಆಟಕ್ಕಾಗಿ. ಬೊಂಬೆಯಂತೆ ಇದೂ ಆಟಿಕೆಯ ಲೋಕದಿಂದಲೇ ವಾರ್ಡಿಗೆ ಬಂದುದು ಗಮನಾರ್ಹ.

ಇದರ ಗುಣವನ್ನು ಅಲ್ಲಗಳೆಯಲಾಗದು. ಮಿಸೆಸ್ ಚೇಸ್ ಎಂದೂ ಏದುಸಿರು ಬಿಟ್ಟವಳಲ್ಲ. ಕಲ್ಪಿತ ವಾರ್ಡಿನ ರೋಗಿಯಾದರೋ ಮಾತನಾಡುತ್ತಾನೆ. ದಾದಿ ತಡಮಾಡಿದರೆ ಅವನ ಸ್ಥಿತಿ ಹದಗೆಡುತ್ತದೆ. ಯಾವುದನ್ನು ಮೊದಲು ಮಾಡಬೇಕೆಂಬ ವಿವೇಚನೆಯನ್ನು, ಯಾರಿಗೂ ಅಪಾಯವಿಲ್ಲದೆ, ಮತ್ತೆ ಮತ್ತೆ ಅಭ್ಯಾಸ ಮಾಡಬಹುದು. ಆದರೆ ಬೊಂಬೆಗಿದ್ದ ಭಾರ ಇವನಿಗಿಲ್ಲ. ಬೆರಳ ತುದಿಯಿಂದ ರಕ್ತನಾಳವನ್ನು ಅರಸುವುದನ್ನೂ, ನಿಶ್ಶಕ್ತ ದೇಹವನ್ನು ನೋಯಿಸದೆ ಎತ್ತುವುದನ್ನೂ ಕಣ್ಣು ಕಲಿಸಲಾರದು.

ಅಮೆರಿಕದ ರಾಷ್ಟ್ರೀಯ ಶುಶ್ರೂಷಾ ಮಂಡಳಿಗಳ ಒಕ್ಕೂಟವು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರೋಗಿಗಳ ಬಳಿ ಕಳೆಯುವ ತರಬೇತಿಯ ಅವಧಿಯಲ್ಲಿ ಶೇಕಡಾ 50ರವರೆಗೆ ಕೃತಕ ಅಭ್ಯಾಸಕ್ಕೆ ಬಿಟ್ಟರೂ ಕಲಿಕೆಗೆ ಕುಂದಿಲ್ಲ. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಆ ಅಧ್ಯಯನವು ಕಲ್ಪಿತ ವಾಸ್ತವವೊಂದನ್ನೇ ಒರೆಗೆ ಹಚ್ಚಿದುದಲ್ಲ. ನುರಿತ ಶಿಕ್ಷಕರೂ, ಪ್ರತಿ ಅಭ್ಯಾಸದ ನಂತರದ ವಿಮರ್ಶೆಯೂ ಅದರ ಫಲಕ್ಕೆ ಆಧಾರವಾಗಿದ್ದುವು.

ಆದುದರಿಂದ ಯಂತ್ರವನ್ನು ತರಿಸಿ ಶಿಕ್ಷಕರನ್ನು ಕಡಿಮೆ ಮಾಡುವುದು ಉಳಿತಾಯವಲ್ಲ. ಅದರ ಬೆಲೆಯನ್ನು ತೆರುವವನು ಆ ದಾದಿಯ ಕೈಗೆ ಸಿಕ್ಕುವ ಮೊದಲ ರೋಗಿ. ಅವನನ್ನು ಕಾಪಾಡುವುದಕ್ಕಾಗಿಯೇ ಬೊಂಬೆ ಹುಟ್ಟಿತೆಂಬುದನ್ನು ನಾವು ಮರೆಯಲಾಗದು.